ಎನ್ವಿರಾನ್‌ಮೆಂಟಲ್ ಪಾಲಿಸಿಲಿ ಮಾಸ್ಟರ್ಸ್ ಮಾಡ್ಬೇಕು ಅಂತಿದೀರಾ? ಅಪ್ಲೈ ಮಾಡೋಕ್ ಮುಂಚೆ ಶುರುಮಾಡಿ ಥೀಸಿಸ್ ತನಕ

"ನಂಗೆ ಪರಿಸರ ಅಂದ್ರೆ ತುಂಬಾ ಇಷ್ಟ, ಅದಕ್ಕೇ ಎನ್ವಿರಾನ್‌ಮೆಂಟಲ್ ಪಾಲಿಸಿ ಓದೋಣ ಅಂತ" ಅಂತ ಯಾರಾದ್ರೂ ಮೆಸೇಜ್ ಹಾಕಿದ್ರೆ ನಾನು ತಿರುಗಿ ಕೇಳೋದು ಒಂದೇ, ಎಕ್ಸೆಲ್ ಶೀಟ್ ಮುಂದೆ ನಾಲ್ಕು ಗಂಟೆ ಅಲ್ಲಾಡದೆ ಕೂತ್ಕೊಳ್ಳೋಕಾಗತ್ತಾ? ತಮಾಷೆಗಲ್ಲ ಕೇಳೋದು. ಈ ಕೋರ್ಸಲ್ಲಿ ಕಾಡು, ನದಿ, ಹಕ್ಕಿ ಎಲ್ಲಾ ಬರತ್ತೆ, ಆದ್ರೆ ಬರೋದು ಬಹುಪಾಲು ಕಾಗದದ ಮೇಲೆ. ಯಾರು ಈ ನಿರ್ಧಾರ ತಗೊಂಡ್ರು, ಯಾವ ಕಾಯ್ದೆಯಡಿ ತಗೊಂಡ್ರು, ದುಡ್ಡು ಯಾರ ಜೇಬಿಂದ ಹೋಗತ್ತೆ, ನಿಯಮ ಮುರಿದವರನ್ನ ಹಿಡಿಯೋದು ಯಾರ ಕೆಲಸ, ಹಿಡಿದ ಮೇಲೆ ದಂಡ ಕಟ್ಟೋದೇ ಅಗ್ಗ ಅನ್ಸಿದ್ರೆ ಏನ್ ಮಾಡೋದು, ಇಂಥವೇ ಪ್ರಶ್ನೆಗಳು ಎರಡು ವರ್ಷ. ಇದು ಬೋರ್ ಅನ್ಸಿದ್ರೆ ಇಕಾಲಜಿ ಓದಿ, ಫೀಲ್ಡಲ್ಲಿ ಖುಷಿಯಾಗಿರ್ತೀರ. ಇದೇ ಮಜಾ ಅನ್ಸಿದ್ರೆ ಮುಂದೆ ಓದಿ.

ನಾನು ಕೆಮಿಸ್ಟ್ರಿ ಓದ್ಕೊಂಡು ಈ ಕಡೆ ಬಂದವಳು, ಹಂಗಾಗಿ ಎಡವಿದ ಜಾಗಗಳು ಚೆನ್ನಾಗಿ ನೆನಪಿವೆ.

ಹೆಜ್ಜೆ 1: ಅಪ್ಲಿಕೇಶನ್ ಪಕ್ಕಕ್ಕಿಡಿ, ಒಂದು ನಿಜವಾದ ಡಾಕ್ಯುಮೆಂಟ್ ಓದಿ

ವಿಡಿಯೋ ಅಲ್ಲ, ಸುದ್ದಿ ಅಲ್ಲ, ಮೂಲ ದಾಖಲೆ. ಐಪಿಸಿಸಿ ಇದ್ಯಲ್ಲ, ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡೋ ವಿಶ್ವಸಂಸ್ಥೆಯ ಸಮಿತಿ, 1988ರಲ್ಲಿ ಶುರುವಾಗಿದ್ದು, ಅದರ ಪ್ರತಿ ದೊಡ್ಡ ವರದಿಗೂ ಪಾಲಿಸಿ ಮಾಡೋರಿಗೋಸ್ಕರ ಒಂದು ಸಾರಾಂಶ ಇರತ್ತೆ. ಈ ಸಾರಾಂಶನ ಸರ್ಕಾರಗಳ ಪ್ರತಿನಿಧಿಗಳು ವಿಜ್ಞಾನಿಗಳ ಜೊತೆ ಕೂತು ಒಂದೊಂದು ಸಾಲೂ ಓದಿ ಒಪ್ಪಬೇಕು. ಕೆಳಗಿರೋ ದಪ್ಪ ಚಾಪ್ಟರ್‌ಗಳಿಗೆ ಆ ಸಾಲು ಸಾಲಿನ ಜಗ್ಗಾಟ ಇಲ್ಲ. ಹಂಗಾಗಿ ಒಂದೇ ವಿಷಯ ಸಾರಾಂಶದಲ್ಲಿ ಹೆಂಗಿದೆ, ಚಾಪ್ಟರಲ್ಲಿ ಹೆಂಗಿದೆ ಅಂತ ಪಕ್ಕಪಕ್ಕ ಇಟ್ಕೊಂಡು ಓದಿ ನೋಡಿ. ಎಲ್ಲಿ ಪದ ಮೆತ್ತಗಾಗಿದೆ, ಎಲ್ಲಿ ಯಾವ ದೇಶದ ಹೆಸರೂ ಬರದ ಹಾಗೆ ವಾಕ್ಯ ನುಣುಚ್ಕೊಂಡಿದೆ ಅಂತ ಕಣ್ಣಿಗೆ ಬೀಳೋಕೆ ಶುರುವಾದ್ರೆ ನಿಮ್ಗೆ ಈ ವಿಷಯ ಹತ್ತತ್ತೆ ಅಂತ ಅರ್ಥ.

ಇನ್ನೊಂದು, ಅದರಲ್ಲಿ "ಲೈಕ್ಲಿ" ಅಂತ ಬಂದ್ರೆ ನಾವು ಮಾತಲ್ಲಿ "ಆಗ್ಬೋದೇನೋ" ಅಂತೀವಲ್ಲ ಹಂಗಲ್ಲ, ಶೇ. 66ಕ್ಕಿಂತ ಹೆಚ್ಚು ಸಾಧ್ಯತೆ ಅಂತ ಲೆಕ್ಕ. "ವೆರಿ ಲೈಕ್ಲಿ" ಅಂದ್ರೆ ಶೇ. 90ರ ಮೇಲೆ. ಒಂದು ಪದಕ್ಕೆ ಒಂದು ನಂಬರ್ ಕಟ್ಟಿಹಾಕಿದಾರೆ. ಈ ಅಭ್ಯಾಸ ಮುಂದೆ ನಿಮ್ಮ ಬರವಣಿಗೆಗೂ ಬರ್ಬೇಕು, ಅದಕ್ಕೇ ಇಷ್ಟು ಎಳೆದು ಹೇಳ್ತಿರೋದು.

ಐಪಿಸಿಸಿ ಭಾರ ಅನ್ಸಿದ್ರೆ ಯಾವ್ದಾದ್ರೂ ಡ್ಯಾಮಿಂದೋ ಗಣಿದೋ ಪರಿಸರ ಪರಿಣಾಮ ವರದಿ ತಗೊಳ್ಳಿ. ಅಮೆರಿಕದ ನೀಪಾ ಅನ್ನೋ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ 1970ರ ಜನವರಿ 1ಕ್ಕೆ ಸಹಿ ಬಿದ್ದ ಮೇಲೆ ಈ ಥರ ವರದಿ ಬರೆಸೋ ಪದ್ಧತಿ ಪ್ರಪಂಚ ಎಲ್ಲಾ ಹಬ್ತು. ಅದರಲ್ಲಿ "ಪರ್ಯಾಯಗಳು" ಅನ್ನೋ ಚಾಪ್ಟರ್ ಮಾತ್ರ ಓದಿ ಸಾಕು. ಬೇರೆ ಜಾಗ, ಬೇರೆ ಸೈಜು, ಪ್ರಾಜೆಕ್ಟೇ ಬೇಡ ಅನ್ನೋ ಆಯ್ಕೆ, ಇವನ್ನ ನಿಜವಾಗ್ಲೂ ಯೋಚಿಸಿದಾರಾ ಅಥವಾ ಮೊದಲೇ ತೀರ್ಮಾನ ಮಾಡಿ ಆಮೇಲೆ ಶಾಸ್ತ್ರಕ್ಕೆ ಬರೆದಿದಾರಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗತ್ತೆ.

ಹೆಜ್ಜೆ 2: ಯಾವ ದಾರಿಯಿಂದ ಒಳಗೆ ಹೋಗ್ತೀರ ಅಂತ ನಿರ್ಧಾರ ಮಾಡಿ

ಜನ ಮೊದಲು ಯೂನಿವರ್ಸಿಟಿ ಹುಡುಕ್ತಾರೆ. ಉಲ್ಟಾ ಅದು. ಮೊದಲು ನಿಮ್ಮ ಕೈಲಿ ಯಾವ ಸಾಮಾನು ಇರ್ಬೇಕು ಅಂತ ನೋಡ್ಕೊಳ್ಳಿ.

ಒಂದು ನದಿ ಇದೆ, ದಡದಲ್ಲಿ ಕಾರ್ಖಾನೆ, ಕೊಳಕು ನೀರು ಬಿಡ್ತಿದಾರೆ ಅನ್ಕೊಳ್ಳಿ. ಅರ್ಥಶಾಸ್ತ್ರದವರು ಕೇಳ್ತಾರೆ, ಒಂದು ಲೀಟರ್ ಕಮ್ಮಿ ಬಿಡೋಕೆ ಅವರಿಗೆ ಎಷ್ಟು ಖರ್ಚು, ಬಿಟ್ರೆ ಕೆಳಗಿನ ಊರವರಿಗೆ ಎಷ್ಟು ನಷ್ಟ, ಆ ನಷ್ಟದಷ್ಟು ತೆರಿಗೆ ಹಾಕಿದ್ರೆ ಹೆಂಗೆ? ಈ ತೆರಿಗೆ ಯೋಚನೆ ಪಿಗೂ ಅನ್ನೋ ಅರ್ಥಶಾಸ್ತ್ರಜ್ಞ 1920ರಲ್ಲೇ ಮುಂದಿಟ್ಟಿದ್ದು. ಇಲ್ಲ ಸ್ವಾಮಿ, ಹಕ್ಕು ಯಾರದ್ದು ಅಂತ ಸ್ಪಷ್ಟ ಇದ್ದು ಮಾತುಕತೆಗೆ ಖರ್ಚಿಲ್ಲ ಅಂದ್ರೆ ಅವರವರೇ ಚೌಕಾಸಿ ಮಾಡ್ಕೋಬೋದು ಅಂತ 1960ರಲ್ಲಿ ಕೋಸ್ ಅನ್ನೋ ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಾದ ಮಾಡಿದ್ರು, ಆದ್ರೆ ಆ "ಖರ್ಚಿಲ್ಲ ಅಂದ್ರೆ" ಅನ್ನೋದೇ ನಿಜ ಜೀವನದಲ್ಲಿ ಇರಲ್ಲ ಅನ್ನೋದು ಅವರ ಮಾತಿನ ಅರ್ಧ ಭಾಗ, ಅದನ್ನ ಎಲ್ರೂ ಮರೆತು ಕೋಟ್ ಮಾಡ್ತಾರೆ. ಕಾನೂನಿನವರು ಕೇಳೋದು, ಪರ್ಮಿಟಲ್ಲಿ ಏನ್ ಬರೆದಿದೆ, ಕೋರ್ಟಿಗೆ ಹೋಗೋ ಅಧಿಕಾರ ಯಾರಿಗಿದೆ? ವಿಜ್ಞಾನದವರು, ನೀರಲ್ಲಿರೋದು ಏನು, ಯಾವ ಮಟ್ಟದಲ್ಲಿ ವಿಷ? ರಾಜಕೀಯ ಶಾಸ್ತ್ರದವರು, ಈ ಕಾರ್ಖಾನೆ ಮುಚ್ಚಿದ್ರೆ ವೋಟ್ ಯಾರಿಗೆ ಹೋಗತ್ತೆ, ಇಲಾಖೆಗಳಲ್ಲಿ ಎತ್ತು ಏರಿಗೆಳೆದ್ರೆ ಕೋಣ ನೀರಿಗೆ ಎಳೀತಿರೋದು ಯಾಕೆ?

ಸರ್ಕಾರವೂ ಬೇಡ ಮಾರ್ಕೆಟ್ಟೂ ಬೇಡ, ಜನ ತಾವೇ ನಿಯಮ ಮಾಡ್ಕೊಂಡು ಮೀನು, ನೀರು, ಹುಲ್ಲುಗಾವಲು ನಿಭಾಯಿಸಿರೋ ಕಡೆ ಹೋಗಿ ನೋಡಿದವರು ಎಲಿನಾರ್ ಆಸ್ಟ್ರಮ್. ಅವರು ರಾಜಕೀಯ ಶಾಸ್ತ್ರದವರು, ಆದ್ರೂ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ತು, ಆ ಬಹುಮಾನ ಪಡೆದ ಮೊದಲ ಮಹಿಳೆ. ಈ ಫೀಲ್ಡಲ್ಲಿ ಒಂದು ವಿಷಯಕ್ಕೂ ಇನ್ನೊಂದಕ್ಕೂ ನಡುವಿನ ಬೇಲಿ ಎಷ್ಟು ಕೆಳಗಿದೆ ಅಂತ ಇದ್ರಲ್ಲೇ ಗೊತ್ತಾಗತ್ತೆ.

ಇವುಗಳಲ್ಲಿ ಒಂದು ಆಳವಾಗಿ ಬರ್ಬೇಕು, ಉಳಿದಿದ್ದು ಅರ್ಥ ಆಗೋಷ್ಟು ಸಾಕು. ಎಲ್ಲಾ ಸ್ವಲ್ಪ ಸ್ವಲ್ಪ ಕಲಿತೀನಿ ಅಂತ ಹೋದವರು ಕೊನೆಗೆ ಇಂಟರ್‌ವ್ಯೂನಲ್ಲಿ "ನೀವು ನಮಗೆ ಏನ್ ಮಾಡಿಕೊಡ್ತೀರ" ಅಂದಾಗ ತಬ್ಬಿಬ್ಬಾಗೋದು ನೋಡಿದೀನಿ.

ಹೆಜ್ಜೆ 3: ಡಿಗ್ರಿ ಹೆಸರು ನೋಡಿ ಮೋಸ ಹೋಗ್ಬೇಡಿ

ಎಂಪಿಪಿ, ಎಂಪಿಎ ಅಂದ್ರೆ ಪಬ್ಲಿಕ್ ಪಾಲಿಸಿ ಮತ್ತೆ ಅಡ್ಮಿನಿಸ್ಟ್ರೇಶನ್ ಡಿಗ್ರಿಗಳು, ಇದರಲ್ಲಿ ಪರಿಸರ ಒಂದು ಸ್ಪೆಷಲೈಸೇಶನ್. ಎಂಇಎಂ ಅಂದ್ರೆ ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟ್ ಡಿಗ್ರಿ, ಮ್ಯಾನೇಜ್‌ಮೆಂಟ್ ಕಡೆ ವಾಲಿದ್ದು. ಎಂಎಸ್ಸಿ ಅಂದ್ರೆ ರಿಸರ್ಚ್ ಅಂಶ ಸಾಮಾನ್ಯವಾಗಿ ಜಾಸ್ತಿ. ಲಾ ಓದಿದವರಿಗೆ ಎಲ್‌ಎಲ್‌ಎಂ ಇದೆ. ಬ್ರಿಟನ್ನಲ್ಲಿ ಮಾಸ್ಟರ್ಸ್ ಒಂದು ವರ್ಷಕ್ಕೆ ಮುಗಿಯತ್ತೆ, ಅಮೆರಿಕದಲ್ಲಿ ಬಹುತೇಕ ಎರಡು. ಒಂದು ವರ್ಷ ಅಂದ್ರೆ ಬೇಗ ಮುಗೀತಲ್ಲ ಅಂತ ಖುಷಿ ಪಡ್ಬೇಡಿ, ಇಂಟರ್ನ್‌ಶಿಪ್‌ಗೆ ಮಧ್ಯೆ ಬೇಸಿಗೆ ರಜೆನೇ ಇರಲ್ಲ, ಬಂದು ಬ್ಯಾಗ್ ಬಿಚ್ಚೋದ್ರೊಳಗೆ ಡಿಸರ್ಟೇಶನ್ ಟಾಪಿಕ್ ಕೇಳ್ತಾರೆ. ಮೊದಲೇ ಕೆಲಸ ಮಾಡಿದ ಅನುಭವ ಇರೋರಿಗೆ ಒಂದು ವರ್ಷ ಸರಿ, ಡಿಗ್ರಿ ಮುಗಿಸಿ ನೇರ ಬರೋರಿಗೆ ಎರಡು ವರ್ಷದ್ದೇ ವಾಸಿ ಅಂತ ನನ್ನ ಅಭಿಪ್ರಾಯ.

ಪಿಎಚ್‌ಡಿ ಬೇಕಾ ಅಂತ ಅನುಮಾನ ಇದ್ರೆ ಸದ್ಯಕ್ಕೆ ಬೇಡ.

ಹೆಜ್ಜೆ 4: ಪ್ರೋಗ್ರಾಂ ಯಾರ ಮನೇಲಿ ಹುಟ್ಟಿದ್ದು ಅಂತ ನೋಡಿ

ರ‍್ಯಾಂಕಿಂಗ್‌ಗಿಂತ ಇದು ಮುಖ್ಯ. ಅಮೆರಿಕದ ಯೇಲ್ ಯೂನಿವರ್ಸಿಟಿಯ ಪರಿಸರ ಸ್ಕೂಲ್ 1900ರಲ್ಲಿ ಅರಣ್ಯ ಶಾಲೆಯಾಗಿ ಶುರುವಾಗಿದ್ದು, ಅರಣ್ಯಶಾಸ್ತ್ರ ಈಗಲೂ ಅಲ್ಲಿ ಗಟ್ಟಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಲ್ಲಿ ಪರಿಸರ ನೀತಿ ಕೋರ್ಸ್ ಭೂಗೋಳ ಮತ್ತು ಪರಿಸರ ವಿಭಾಗದಲ್ಲಿದೆ. ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯ ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಪಾಲಿಸಿ ಎಂಪಿಎ ಬೇಸಿಗೇಲೇ ಶುರುವಾಗಿ ಮೊದಲು ವಿಜ್ಞಾನ ರುಬ್ಬಿಸ್ತಾರೆ. ಯುರೋಪಿನ ಎರಾಸ್ಮಸ್ ಮುಂಡಸ್ ಥರದ ಜಾಯಿಂಟ್ ಮಾಸ್ಟರ್ಸ್‌ಗಳಲ್ಲಿ ಬೇರೆ ಬೇರೆ ದೇಶದ ಯೂನಿವರ್ಸಿಟಿ ಸುತ್ತಿ ಓದ್ಬೋದು, ಆದ್ರೆ ಪ್ರತಿ ಸಲ ಗಂಟುಮೂಟೆ ಕಟ್ಟಿ ವೀಸಾ, ಮನೆ ಅಂತ ಹೊಸದಾಗಿ ಶುರು ಮಾಡೋದು ಎಲ್ರಿಗೂ ಆಗಲ್ಲ. ಹೆಸರು ಒಂದೇ ಥರ ಇದ್ರೂ ಒಳಗಿನ ಊಟ ಬೇರೆ ಬೇರೆ.

ಅದಕ್ಕೆ ಹಿಂಗ್ ಮಾಡಿ. ಕಡ್ಡಾಯ ಕೋರ್ಸ್‌ಗಳ ಪಟ್ಟಿ ಮಾತ್ರ ಕಾಪಿ ಮಾಡಿ ಒಂದು ಶೀಟಲ್ಲಿ ಹಾಕ್ಕೊಳ್ಳಿ. ಎಲೆಕ್ಟಿವ್ ಪಟ್ಟಿ ನೋಡ್ಲೇಬೇಡಿ, ಅದು ಮದುವೆ ಛತ್ರದ ಮೆನು ಕಾರ್ಡ್ ಇದ್ದಂಗೆ, ಉದ್ದ ಇರತ್ತೆ, ನೀವು ಹೋದ ವರ್ಷ ಅರ್ಧಕ್ಕರ್ಧ ಇರಲ್ಲ. ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯ ಇದ್ಯಾ? ಮೈಕ್ರೋ ಎಕನಾಮಿಕ್ಸ್ ಇದ್ಯಾ? ನಿಜವಾದ ಕ್ಲೈಂಟ್‌ಗೆ ಮಾಡೋ ಕ್ಯಾಪ್‌ಸ್ಟೋನ್ ಪ್ರಾಜೆಕ್ಟ್ ಇದ್ಯಾ? ಈ ಮೂರಕ್ಕೂ ಇಲ್ಲ ಅಂದ್ರೆ ಆ ಪ್ರೋಗ್ರಾಂ ಎಷ್ಟೇ ಹಸಿರಾಗಿ ಕಂಡ್ರೂ ನಾನಾದ್ರೆ ಬಿಟ್ಬಿಡ್ತೀನಿ. ಆಮೇಲೆ ಹೋದ ವರ್ಷ ಪಾಸಾದ ಇಬ್ಬರಿಗೆ ಮೆಸೇಜ್ ಮಾಡಿ, "ಕೋರ್ಸ್ ಚೆನ್ನಾಗಿದ್ಯಾ" ಅಂತ ಕೇಳ್ಬೇಡಿ, "ನಿಮ್ಮ ಬ್ಯಾಚಲ್ಲಿ ಯಾರ್ಯಾರು ಎಲ್ಲಿ ಕೆಲಸಕ್ಕೆ ಹೋದ್ರು, ಎಷ್ಟು ತಿಂಗಳು ಹುಡುಕಿದ್ರು" ಅಂತ ಕೇಳಿ.

ಹೆಜ್ಜೆ 5: ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಅಂತ ಅಪ್ಲಿಕೇಶನ್ ಜೊತೆ ಬರಿಯೋ ಪತ್ರ)

ನನ್ನ ಮೊದಲ ಡ್ರಾಫ್ಟಿನ ಮೊದಲ ಸಾಲು ಹಿಂಗಿತ್ತು: "ಚಿಕ್ಕಂದಿನಿಂದಲೂ ನನಗೆ ಪ್ರಕೃತಿಯ ಬಗ್ಗೆ ಅಪಾರ ಪ್ರೀತಿ." ಓದಿದ ಸೀನಿಯರ್ ಒಬ್ಬರು, ಇದನ್ನ ಸಾವಿರ ಜನ ಬರೀತಾರೆ ಕಣೇ, ನಿನ್ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದ್ರೂ ನಡಿಯತ್ತೆ ಅಂದ್ರು. ಕೊನೇ ಡ್ರಾಫ್ಟಲ್ಲಿ ಶುರು ಮಾಡಿದ್ದು ಲ್ಯಾಬಿಂದ. ತ್ಯಾಜ್ಯ ನೀರಿನ ಸ್ಯಾಂಪಲ್ ಟೆಸ್ಟ್ ಮಾಡ್ತಿದ್ವಿ, ರೀಡಿಂಗ್ ಮಿತಿಗಿಂತ ಕೆಳಗೇ ಬರ್ತಿತ್ತು, ಆದ್ರೆ ಸ್ಯಾಂಪಲ್ ತಗೊಳ್ಳೋ ದಿನ ಯಾವುದು ಅಂತ ಕಾರ್ಖಾನೆಗೆ ಮೊದಲೇ ಗೊತ್ತಿರ್ತಿತ್ತು. ಆಮೇಲೆ ಬರೆದೆ, ನನ್ನ ಉಪಕರಣ ಸರಿಯಾಗೇ ಇತ್ತು, ನಿಯಮ ಸರಿ ಇರ್ಲಿಲ್ಲ, ನಂಗೆ ಆ ನಿಯಮ ಬರಿಯೋದು ಹೆಂಗೆ ಅಂತ ಕಲೀಬೇಕು.

ಅಷ್ಟೇ ಫಾರ್ಮುಲಾ. ನೀವು ಕಣ್ಣಾರೆ ಕಂಡ ಒಂದು ತೊಡಕು, ಅದು ಯಾವ ಥರದ ಪ್ರಶ್ನೆ, ಅದಕ್ಕೆ ನಿಮ್ಗೆ ಏನ್ ಕಲೀಬೇಕು, ಈ ಪ್ರೋಗ್ರಾಮಲ್ಲಿ ಅದನ್ನ ಕಲಿಸೋದು ಎಲ್ಲಿ. ಭೂಮಿ ಉಳಿಸೋ ವಿಷಯ ಬೇರೆಯವರಿಗೆ ಬಿಡಿ. ರೆಕಮೆಂಡೇಶನ್ ಲೆಟರ್‌ಗೂ ದೊಡ್ಡ ಹುದ್ದೆಯವರ ಹಿಂದೆ ಓಡ್ಬೇಡಿ, ನಿಮ್ಮ ಬರವಣಿಗೆ ತಿದ್ದಿದವರು, ನಿಮ್ಮ ಜೊತೆ ಕೂತು ಡೇಟಾ ನೋಡಿದವರು ಬರೆದ ಅರ್ಧ ಪುಟ ಸಾಕು. ಕೇಳೋದು ಮಾತ್ರ ಡೆಡ್‌ಲೈನ್‌ಗೆ ಎರಡು ತಿಂಗಳು ಮುಂಚೆ.

ಹೆಜ್ಜೆ 6: ದುಡ್ಡು

ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ನೀವೇ ಕಟ್ಟಬೇಕು, ಪಿಎಚ್‌ಡಿಗೆ ಒಳ್ಳೆ ಜಾಗದಲ್ಲಿ ಅವರೇ ಕೊಡ್ತಾರೆ, ಪಾಠ ಮಾಡೋದು ಅಥವಾ ರಿಸರ್ಚ್ ಅಸಿಸ್ಟೆಂಟ್ ಕೆಲಸದ ಮೇಲೆ. ಅಮೆರಿಕದ ಫುಲ್‌ಬ್ರೈಟ್, ಬ್ರಿಟನ್ನಿನ ಚೀವ್ನಿಂಗ್, ಜರ್ಮನಿಯ ಡಾಡ್ (DAAD), ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್‌ಗಳ ಕೊನೇ ದಿನಾಂಕ ಎಷ್ಟೋ ಸಲ ಕೋರ್ಸಿನ ಡೆಡ್‌ಲೈನ್‌ಗಿಂತ ಮೊದಲೇ ಬರತ್ತೆ, ಅಡ್ಮಿಶನ್ ಆದ್ಮೇಲೆ ನೋಡೋಣ ಅಂತ ಕೂತ್ರೆ ಬಸ್ಸು ಹೋಗಿರತ್ತೆ. ಈ ಫೀಲ್ಡಲ್ಲಿ ಶುರುವಿನ ಸಂಬಳ ಸಾಫ್ಟ್‌ವೇರ್ ಥರ ಇರಲ್ಲ, ಸಾಲ ಮಾಡೋಕ್ ಮುಂಚೆ ಇದನ್ನ ಮನೆಯವರಿಗೂ ಹೇಳಿ.

ಹೆಜ್ಜೆ 7: ಹೋಗೋಕ್ ಮುಂಚೆ ಎರಡು ಲೆಕ್ಕ ಕಲೀರಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಜನ ಮೊದಲ ಸೆಮಿಸ್ಟರಲ್ಲಿ ಮುಗ್ಗರಿಸೋದು ಇಲ್ಲೇ.

ಮೊದಲನೇದು ಡಿಸ್ಕೌಂಟ್ ರೇಟ್, ಅಂದ್ರೆ ಮುಂದೆ ಬರೋ ದುಡ್ಡಿಗೆ ಇವತ್ತಿನ ಬೆಲೆ ಎಷ್ಟು ಅಂತ ವರ್ಷ ವರ್ಷ ಇಳಿಸಿ ನೋಡೋ ದರ. ಇವತ್ತಿನ ಹೊಗೆಯಿಂದ ನೂರು ವರ್ಷ ಆದ್ಮೇಲೆ ಹತ್ತು ಲಕ್ಷದಷ್ಟು ನಷ್ಟ ಆಗತ್ತೆ ಅನ್ಕೊಳ್ಳಿ. ಅದನ್ನ ತಪ್ಪಿಸೋಕೆ ಇವತ್ತು ಎಷ್ಟು ಖರ್ಚು ಮಾಡ್ಬೋದು? ವರ್ಷಕ್ಕೆ ಶೇ. 5ರ ದರದಲ್ಲಿ ಹಿಂದಕ್ಕೆ ಎಳೆದ್ರೆ ಸುಮಾರು 7,600. ಶೇ. 2ರಲ್ಲಿ ಎಳೆದ್ರೆ ಸುಮಾರು 1,38,000. ನಷ್ಟ ಅದೇ, ವರ್ಷ ಅದೇ, ವಿಜ್ಞಾನ ಅದೇ, ಒಂದು ಶೇಕಡಾ ನಂಬರ್ ಬದಲಾಗಿದ್ದಕ್ಕೆ ಉತ್ತರ ಹದಿನೆಂಟು ಪಟ್ಟು ಬೇರೆ. ಕ್ಯಾಲ್ಕುಲೇಟರಲ್ಲಿ ನೀವೇ ಒತ್ತಿ ನೋಡಿ. ಅಮೆರಿಕದಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ನ ಸಾಮಾಜಿಕ ನಷ್ಟ ಅಂತ 2021ರಲ್ಲಿ ತಾತ್ಕಾಲಿಕವಾಗಿ ಇಟ್ಟಿದ್ದು 51 ಡಾಲರ್, 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಹೇಳಿದ್ದು 190 ಡಾಲರ್. ಮಾಡೆಲ್‌ಗಳೂ ಬದಲಾಗಿದ್ವು ನಿಜ, ಆದ್ರೆ ಶೇ. 3ರಿಂದ ಶೇ. 2ಕ್ಕೆ ದರ ಇಳಿಸಿದ್ದು ದೊಡ್ಡ ಕಾರಣ. ನಮ್ಮ ಮೊಮ್ಮಕ್ಕಳ ಮಕ್ಕಳಿಗೆ ಎಷ್ಟು ಬೆಲೆ ಕೊಡ್ತೀವಿ ಅನ್ನೋ ನೀತಿಯ ಪ್ರಶ್ನೆ ಒಂದು ಎಕ್ಸೆಲ್ ಸೆಲ್‌ನಲ್ಲಿ ಬಚ್ಚಿಟ್ಕೊಂಡು ಕೂತಿದೆ. ಮೊದಲಿಗೇ ಎಕ್ಸೆಲ್ ಬಗ್ಗೆ ಕೇಳಿದ್ದು ಇದಕ್ಕೇ.

ಎರಡನೇದು, ಪಾಲಿಸಿ ಕೆಲಸ ಮಾಡ್ತಾ ಅಂತ ತಿಳಿಯೋದು. ಒಂದು ನಗರದಲ್ಲಿ ಹಳೇ ಲಾರಿಗಳಿಗೆ ನಿಷೇಧ ಹಾಕಿದ್ರು, ಗಾಳಿಲಿ ಸಣ್ಣ ಧೂಳು 80ರಿಂದ 60ಕ್ಕೆ ಇಳೀತು ಅನ್ಕೊಳ್ಳಿ, ಉದಾಹರಣೆಗೆ ಹೇಳ್ತಿರೋ ನಂಬರ್ ಇದು. 20 ಕಮ್ಮಿ ಆಯ್ತು ಅಂತ ಚಪ್ಪಾಳೆ ಹೊಡಿಯೋಕ್ ಮುಂಚೆ ಪಕ್ಕದ, ನಿಷೇಧ ಇಲ್ಲದ ನಗರ ನೋಡಿ. ಅಲ್ಲಿ 70 ಇದ್ದಿದ್ದು 58 ಆಗಿದೆ. ಯಾಕೆ? ಆ ವರ್ಷ ಮಳೆ ಜಾಸ್ತಿ, ಗಾಳಿ ಜಾಸ್ತಿ. ಅಂದ್ರೆ 12 ಮಳೆರಾಯನದ್ದು, ನಿಷೇಧದ್ದು 8. ಇದಕ್ಕೆ ಡಿಫರೆನ್ಸ್ ಇನ್ ಡಿಫರೆನ್ಸಸ್ ಅಂತಾರೆ, ಹೆಸರು ಕೇಳಿ ಹೆದರ್ಕೋಬೇಡಿ, ಎರಡು ಸಲ ಕಳೆಯೋದು ಅಷ್ಟೇ. ಕಷ್ಟ ಇರೋದು ಪಕ್ಕದ ನಗರ ನಿಜಕ್ಕೂ ಹೋಲಿಕೆಗೆ ಬರತ್ತಾ, ನಿಷೇಧ ಆದ ಲಾರಿಗಳೆಲ್ಲ ಅಲ್ಲಿಗೇ ಹೋಗಿ ಓಡ್ತಿದ್ರೆ ಏನ್ ಕಥೆ ಅಂತ ಯೋಚಿಸೋದ್ರಲ್ಲಿ. ಆರ್ ಅಥವಾ ಸ್ಟೇಟಾ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ಗಳಲ್ಲಿ ಯಾವ್ದಾದ್ರೂ ಒಂದರಲ್ಲಿ ಇಷ್ಟು ಮಾಡೋಕೆ ಬಂದ್ರೆ ಕ್ಲಾಸಲ್ಲಿ ನೀವು ಮುಂದಿರ್ತೀರ.

ಹೆಜ್ಜೆ 8: ಮೆಮೊ ಬರಿಯೋದು

ಸೇರಿದ ಮೇಲೆ ಅತಿ ಹೆಚ್ಚು ಬರಿಯೋದು ಪಾಲಿಸಿ ಮೆಮೊ, ಎರಡು ಪುಟ, ಒಬ್ಬ ಅಧಿಕಾರಿಗೋ ಮಂತ್ರಿಗೋ ಬರೆದಂಗೆ. ನನ್ನ ಮೊದಲನೇದು ಹೊಲದ ಗೊಬ್ಬರ ಹೊಳೆಗೆ ಸೇರೋದ್ರ ಬಗ್ಗೆ. ನೈಟ್ರೋಜನ್ ಚಕ್ರ, ಪಾಚಿ ಬೆಳೆಯೋದು, ಆಕ್ಸಿಜನ್ ಕಮ್ಮಿಯಾಗಿ ಮೀನು ಸಾಯೋದು, ಎಲ್ಲಾ ಬರೆದು ಬರೆದು ಒಂದೂವರೆ ಪುಟ ಖಾಲಿ, ಕೊನೇಲಿ "ರೈತರಲ್ಲಿ ಜಾಗೃತಿ ಮೂಡಿಸಬೇಕು" ಅಂತ ಒಂದು ಸಾಲು. ವಾಪಸ್ ಬಂದಾಗ ಮೊದಲ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, "ಸಮಸ್ಯೆ ಇದೆ ಅಂತ ಅವರಿಗೆ ಗೊತ್ತು, ಅದಕ್ಕೇ ನಿನ್ನ ಕೇಳಿದ್ದು" ಅಂತ ಮೇಷ್ಟ್ರು ಬರೆದಿದ್ರು. ಜಾಗೃತಿ ಅನ್ನೋ ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ, "ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಇದನ್ನ ಮಾಡೋದು ಯಾರು?"

ಎರಡನೇ ಸಲ ಬರೆದಾಗ ಮೊದಲ ಸಾಲಲ್ಲೇ ಶಿಫಾರಸು: ಹೊಳೆ ದಂಡೆಯಿಂದ ಹತ್ತು ಮೀಟರ್ ಒಳಗೆ ಗೊಬ್ಬರ ಹಾಕೋ ಹಾಗಿಲ್ಲ, ಸಬ್ಸಿಡಿ ಪರಿಶೀಲನೆಗೆ ಹೊಲಕ್ಕೆ ಹೋಗೋ ಇನ್‌ಸ್ಪೆಕ್ಟರ್ ಅದೇ ಭೇಟೀಲಿ ಇದನ್ನೂ ನೋಡ್ಬೇಕು, ತಪ್ಪಿದ್ರೆ ಆ ವರ್ಷದ ಸಬ್ಸಿಡಿಲಿ ಕಡಿತ. ಉಪ್ಪು ತಿಂದವನು ನೀರು ಕುಡೀಬೇಕು ಅಂತೀವಲ್ಲ, ಅದನ್ನೇ ಒಇಸಿಡಿ ಅನ್ನೋ ಶ್ರೀಮಂತ ದೇಶಗಳ ಒಕ್ಕೂಟ 1972ರಲ್ಲಿ ಮಾಲಿನ್ಯ ಮಾಡಿದವರೇ ತೆರಬೇಕು ಅನ್ನೋ ತತ್ವವಾಗಿ ಒಪ್ಕೊಂಡಿದ್ದು. ತತ್ವ ಎಲ್ರಿಗೂ ಗೊತ್ತು, ನೀರು ಕುಡಿಸೋದು ಯಾರು, ಯಾವ ಲೋಟದಲ್ಲಿ ಅಂತ ಬರೆದ್ರೆ ಅದು ಮೆಮೊ.

ಬರೆದ ಮೇಲೆ ಇದು ಎಲ್ಲಿ ಕೈ ಕೊಡ್ಬೋದು ಅಂತ ಒಂದು ಪ್ಯಾರಾ ಇರ್ಲೇಬೇಕು. ಎರಡು ಉದಾಹರಣೆ ಯಾವಾಗ್ಲೂ ತಲೇಲಿಟ್ಕೊಳ್ಳಿ. ಯುರೋಪಿನ ಕಾರ್ಬನ್ ಮಾರ್ಕೆಟ್ 2005ರಲ್ಲಿ ಶುರುವಾದಾಗ ಕಂಪನಿಗಳಿಗೆ ಕಾರ್ಬನ್ ಹೊಗೆ ಬಿಡೋ ಪರ್ಮಿಟ್ ಅಗತ್ಯಕ್ಕಿಂತ ಜಾಸ್ತಿ ಹಂಚಿದ್ರು, ಅದನ್ನ ಮುಂದಿನ ಹಂತಕ್ಕೆ ಉಳಿಸ್ಕೊಳ್ಳೋಕೂ ಬಿಡ್ಲಿಲ್ಲ, 2007ಕ್ಕೆ ಪರ್ಮಿಟ್ ಬೆಲೆ ಹತ್ರಹತ್ರ ಸೊನ್ನೆ. ಇನ್ನೊಂದು 1987ರ ಮಾಂಟ್ರಿಯಲ್ ಒಪ್ಪಂದ, ಫ್ರಿಜ್, ಏಸಿಲಿ ಬಳಸ್ತಿದ್ದ, ಓಝೋನ್ ತಿನ್ನೋ ಸಿಎಫ್‌ಸಿ ಅನಿಲಗಳನ್ನ ನಿಲ್ಲಿಸಿದ್ದು, ಎಲ್ಲಾ ದೇಶಗಳೂ ಒಪ್ಕೊಂಡ ಅಪರೂಪದ ಯಶಸ್ಸು. ಆದ್ರೆ ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಝೋನ್ ಮುಟ್ಟಲ್ಲ, ಭೂಮಿ ಬಿಸಿ ಮಾಡೋದ್ರಲ್ಲಿ ಮಾತ್ರ ಭಯಂಕರ, ಅದನ್ನ ಇಳಿಸೋಕೆ 2016ರಲ್ಲಿ ರುವಾಂಡಾದ ಕಿಗಾಲಿಲಿ ಮತ್ತೆ ತಿದ್ದುಪಡಿ ಮಾಡ್ಬೇಕಾಯ್ತು. ಒಳ್ಳೆ ಪಾಲಿಸಿಗೂ ರಿಪೇರಿ ಬೇಕಾಗತ್ತೆ.

ಹೆಜ್ಜೆ 9: ಥೀಸಿಸ್‌ಗೆ ಡೇಟಾ ಮೊದಲು, ಪ್ರಶ್ನೆ ಆಮೇಲೆ

ಗೈಡ್‌ಗಳು ಉಲ್ಟಾ ಹೇಳ್ತಾರೆ, ಪ್ರಶ್ನೆ ಮೊದಲು ಅಂತ. ಅವರಿಗೆ ಟೈಮ್ ಇದೆ, ನಿಮ್ಗೆ ಒಂದು ಸೆಮಿಸ್ಟರ್ ಇದೆ. ನಂಗೆ ಒಂದು ಇಲಾಖೆಯವರು ಫೋನಲ್ಲಿ "ಕೊಡ್ತೀವಿ ಬನ್ನಿ" ಅಂದಿದ್ದನ್ನ ನಂಬಿ ಹತ್ತು ವರ್ಷದ ತಪಾಸಣೆ ದಾಖಲೆ ಮೇಲೆ ಪ್ರಪೋಸಲ್ ಬರೆದೆ, ಮೂರು ತಿಂಗಳು ಓಡಾಡಿದ ಮೇಲೆ ಸಿಕ್ಕಿದ್ದು ಒಂದು ವರ್ಷದ್ದು, ಅದೂ ಸ್ಕ್ಯಾನ್ ಮಾಡಿದ ಕಾಗದ. ಕೊನೆಗೆ ಪಾರು ಮಾಡಿದ್ದು ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್ ಚಿತ್ರಗಳು, 1972ರಿಂದ ತೆಗೀತಿದಾರೆ, 2008ರಲ್ಲಿ ಎಲ್ರಿಗೂ ಪುಕ್ಕಟೆ ಮಾಡಿದ್ರು, ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರಲ್ಲಿ ತೆಗೆದು ನೋಡ್ಬೋದು. ಪ್ರಶ್ನೆ ಸಣ್ಣದಾಯ್ತು, ಆದ್ರೆ ಮುಗೀತು. ಹಂಗಾಗಿ ಡೇಟಾ ನಿಮ್ಮ ಲ್ಯಾಪ್‌ಟಾಪಲ್ಲಿ ಬಂದು ಓಪನ್ ಆಗೋ ತನಕ ಪ್ರಪೋಸಲ್ ಫೈನಲ್ ಮಾಡ್ಬೇಡಿ. ಜನರನ್ನ ಇಂಟರ್‌ವ್ಯೂ ಮಾಡೋದಿದ್ರೆ ಎಥಿಕ್ಸ್ ಕಮಿಟಿ ಅನುಮತಿಗೆ ವಾರಗಟ್ಟಲೆ ಹಿಡಿಯತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೆಲಸ ಹುಡುಕೋದು ಥೀಸಿಸ್ ಆದ್ಮೇಲೆ ಅಲ್ಲ, ಎರಡನೇ ಸೆಮಿಸ್ಟರ್ ಶುರುವಲ್ಲೇ. ನೀವು ಸೇರ್ಬೇಕು ಅನ್ಕೊಂಡಿರೋ ಥರದ ಹತ್ತು ಜಾಬ್ ಪೋಸ್ಟಿಂಗ್ ಪ್ರಿಂಟ್ ತೆಗೀರಿ, ಸರ್ಕಾರಿ ಸಂಸ್ಥೆ, ಕನ್ಸಲ್ಟೆನ್ಸಿ, ಎನ್‌ಜಿಒ, ಬ್ಯಾಂಕು ಎಲ್ಲಾ ಸೇರಿಸಿ. ಪ್ರತಿಯೊಂದರಲ್ಲೂ ಕೇಳಿರೋ ಸ್ಕಿಲ್ ಮೇಲೆ ಹೈಲೈಟರ್ ಎಳೀರಿ. ಏಳು ಹಾಳೇಲಿ ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಡೇಟಾ ಕೆಲಸ) ಅಂತಲೋ ಕಾಸ್ಟ್ ಬೆನಿಫಿಟ್ ಅಂತಲೋ ಹಳದಿ ಬಿದ್ದಿದ್ರೆ ಮುಂದಿನ ಸೆಮಿಸ್ಟರ್‌ಗೆ ಯಾವ ಎಲೆಕ್ಟಿವ್ ಅಂತ ಯಾರನ್ನೂ ಕೇಳೋಕ್ ಹೋಗ್ಬೇಡಿ, ರಿಜಿಸ್ಟರ್ ಮಾಡ್ಬಿಡಿ.